ಡಿಮೆನ್ಷಿಯಾ: ರೋಗಿಗೆ ತಿಳಿಸುವ ಪದ್ಧತಿಯ ಇತಿಹಾಸ

ಡಿಮೆನ್ಷಿಯಾ ಬಂದಿದೆಯೆಂದು ವೈದ್ಯರು ರೋಗಿಗೇ ಹೇಳುವ ರೂಢಿ ಹೊಸದು. ಜರ್ಮನ್ ವೈದ್ಯ ಆಲೋಯಿಸ್ ಆಲ್ಜೈಮರ್ 1906ರಲ್ಲಿ ಟ್ಯೂಬಿಂಗನ್‌ನಲ್ಲಿ ವಿವರಿಸಿದ್ದು ನಡುವಯಸ್ಸಿನ ಮಹಿಳೆಯೊಬ್ಬಳ ಮರೆವಿನ ಕಾಯಿಲೆಯನ್ನು. ಮುದುಕರ ಮರೆವು ಬಹುಕಾಲ ಮುಪ್ಪಿನ ಲೆಕ್ಕದಲ್ಲೇ ಉಳಿಯಿತು. ಎರಡೂ ಒಂದೇ ರೋಗವೆಂದು ಅಮೆರಿಕದ ನರತಜ್ಞ ರಾಬರ್ಟ್ ಕಾಟ್ಜ್‌ಮನ್ ವಾದಿಸಿದ್ದು 1976ರಲ್ಲಿ. ರೋಗವೇ ಅಲ್ಲದ್ದನ್ನು ತಿಳಿಸುವ ಪ್ರಶ್ನೆ ಅಲ್ಲಿಯವರೆಗೆ ಏಳುವಂತೆಯೂ ಇರಲಿಲ್ಲ.

ಕ್ಯಾನ್ಸರ್ ವಿಷಯದಲ್ಲಿ ಮೌನ ಬೇಗ ಮುರಿಯಿತು. 1961ರ ಅಮೆರಿಕನ್ ಸಮೀಕ್ಷೆಯಲ್ಲಿ ಸುಮಾರು ಶೇ 90ರಷ್ಟು ವೈದ್ಯರು ರೋಗಿಗೆ ಹೇಳದಿರುವುದೇ ಲೇಸೆಂದರು. 1979ರಲ್ಲಿ ಶೇ 97ರಷ್ಟು ಮಂದಿ ಹೇಳುತ್ತೇವೆಂದರು. ಡಿಮೆನ್ಷಿಯಾಕ್ಕೆ ಆ ಗಾಳಿ ತಟ್ಟಲಿಲ್ಲ. ಔಷಧಿಯಿಲ್ಲ, ಹೇಳಿದರೂ ನೆನಪಿರದು, ಸುಮ್ಮನೆ ಕುಗ್ಗಿಸುವುದೇಕೆ ಎಂಬ ಮಾತು ಕನಿಕರದಂತೆ ಕೇಳಿಸುತ್ತಿತ್ತು. 1996ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನವೊಂದು ಆ ಕನಿಕರವನ್ನು ಒರೆಗೆ ಹಚ್ಚಿತು. ರೋಗಿಗಳ 100 ಮಂದಿ ಬಂಧುಗಳಲ್ಲಿ 83 ಮಂದಿ ‘ಅವರಿಗೆ ಹೇಳಬೇಡಿ’ ಎಂದರು. ಅದೇ ಗುಂಪಿನ 71 ಮಂದಿ, ತಮಗೇ ಬಂದರೆ ತಿಳಿಯಬೇಕೆಂದರು!

ಬ್ರಿಟನ್ನಿನಲ್ಲಿ ಪರಿಸ್ಥಿತಿ ಬದಲಾದದ್ದು ನೀತಿಬೋಧೆಯಿಂದಷ್ಟೇ ಅಲ್ಲ. 1997ರಲ್ಲಿ ಆಲ್ಜೈಮರ್ ಕಾಯಿಲೆಗೆ ಡೊನೆಪೆಜಿಲ್ ಮಾತ್ರೆ ಬಂತು. ಕಾಯಿಲೆಯ ಹೆಸರೆತ್ತದೆ ಅದನ್ನು ನುಂಗಿಸುವುದು ಕಷ್ಟ. ಆಸ್ತಿ, ಚಿಕಿತ್ಸೆಗಳ ನಿರ್ಧಾರವನ್ನು ಮುಂದೆ ಯಾರು ಮಾಡಬೇಕೆಂದು ವ್ಯಕ್ತಿಯೇ ಅಧಿಕಾರಪತ್ರ ಬರೆದಿಡಲು 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವಕಾಶ ಕೊಟ್ಟಿತು. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಅದನ್ನು ಬರೆಯಬೇಕು. ತಡವಾಗಿ ಹೇಳಿದರೆ ಆ ಅವಕಾಶವೇ ಕೈತಪ್ಪುತ್ತದೆ. ಇಂಗ್ಲೆಂಡಿನ 2009ರ ರಾಷ್ಟ್ರೀಯ ಕಾರ್ಯನೀತಿ ಬೇಗ ಪತ್ತೆಹಚ್ಚುವುದಕ್ಕೆ ಒತ್ತು ಕೊಟ್ಟಿತು. ಹೆಸರು ಹೇಳುವ ಹೊಣೆ ಹೆಚ್ಚಾಗಿ ಮೆಮೊರಿ ಕ್ಲಿನಿಕ್ಕಿನ ತಜ್ಞರದಾಯಿತು. ಆದರೆ ಮೊದಲ ಅನುಮಾನ ಮೂಡುವುದು ಕುಟುಂಬವೈದ್ಯರ ಹತ್ತು ನಿಮಿಷದ ಭೇಟಿಯಲ್ಲಿ. ತಜ್ಞರನ್ನು ಕಂಡ ಮೇಲೆ ರೋಗಿ ಮರಳಿ ಬರುವುದೂ ಅಲ್ಲಿಗೇ. 2014ರಲ್ಲಿ ಹೊಸದಾಗಿ ಪತ್ತೆಯಾದ ಪ್ರತಿ ರೋಗಿಯ ಲೆಕ್ಕದಲ್ಲಿ ಕುಟುಂಬವೈದ್ಯರಿಗೆ 55 ಪೌಂಡ್ ಕೊಡುವ ಯೋಜನೆ ಬಂದಾಗ ‘ತಲೆಗೆ ಬೆಲೆ ಕಟ್ಟಿದರು’ ಎಂಬ ಗದ್ದಲವೆದ್ದಿತು. ಮರುವರ್ಷ ಮಾರ್ಚ್‌ಗೆ ಆ ಯೋಜನೆ ಮುಗಿಯಿತು.

ಹೆಸರಿನ ಮುಜುಗರವೂ ಸಣ್ಣದಲ್ಲ. ಜಪಾನ್ 2004ರಲ್ಲಿ ಅವಹೇಳನದ ‘ಚಿಹೋ’ವನ್ನು ಬಿಟ್ಟು ‘ನಿನ್‌ಚಿಶೋ’ ಎಂಬ ಪದ ತಂದಿತು. ಕನ್ನಡದಲ್ಲಿ ಅರವತ್ತಕ್ಕೆ ಅರಳು ಮರಳೆಂಬ ಗಾದೆ ಮೊದಲೇ ಸಿದ್ಧವಿದೆ. ಹೀಗಾಗಿ ವೈದ್ಯರು ‘ಮರೆವಿನ ಕಾಯಿಲೆ’ ಎಂದದ್ದು ಮನೆ ತಲುಪುವಷ್ಟರಲ್ಲಿ ‘ವಯಸ್ಸಾಯ್ತಲ್ಲ, ಅದಕ್ಕೆ’ ಎಂದಾಗಿರುತ್ತದೆ.