ಮೊಬೈಲ್ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ: ಸಾರ್ವಜನಿಕರಿಗೆ ಮಾಹಿತಿ

1. ಹಿನ್ನೆಲೆ

ದೂರವಾಣಿ ಸೇವೆಯು ಬಹುಕಾಲ ಸರ್ಕಾರದ ಏಕಸ್ವಾಮ್ಯದಲ್ಲಿತ್ತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು ಖಾಸಗಿ ಕಂಪನಿಗಳ ಪ್ರವೇಶಕ್ಕೆ ಅವಕಾಶ ಕಲ್ಪಿಸಿತು. ತದನಂತರ 1997ರ ಅಧಿನಿಯಮದನ್ವಯ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಸ್ಥಾಪನೆಗೊಂಡಿತು.

ಕಂಪನಿಗಳು ಹಲವಿದ್ದ ಮಾತ್ರಕ್ಕೆ ಸ್ಪರ್ಧೆ ಏರ್ಪಡುವುದಿಲ್ಲ. ಬ್ಯಾಂಕ್ ಖಾತೆ, ವ್ಯಾಪಾರ, ಬಂಧುಬಳಗ ಎಲ್ಲಕ್ಕೂ ಒಂದೇ ಸಂಖ್ಯೆ ನೀಡಿರುವ ಗ್ರಾಹಕರು, ಅದು ಕೈತಪ್ಪುವ ಭಯದಿಂದ ಕಳಪೆ ಸೇವೆಯನ್ನೂ ಸಹಿಸಬೇಕಾಗಿತ್ತು. ಈ ಅಡಚಣೆಯನ್ನು ನಿವಾರಿಸಲು ಸಂಖ್ಯೆಯ ವರ್ಗಾವಣೆ ಸೌಲಭ್ಯವನ್ನು 20-1-2011ರಿಂದ ದೇಶಾದ್ಯಂತ ಜಾರಿಗೊಳಿಸಲಾಯಿತು. 3-7-2015ರಿಂದ ಬೇರೆ ರಾಜ್ಯದ ವಲಯಕ್ಕೆ ಹೋದರೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಬಹುದಾಗಿದೆ.

2. ಅರ್ಹತೆ

ಅ) ಈಗಿನ ಕಂಪನಿಯ ಸೇವೆಯಲ್ಲಿ 90 ದಿನಗಳು ಪೂರ್ಣಗೊಂಡಿರತಕ್ಕದ್ದು.
ಆ) ಪೋಸ್ಟ್‌ಪೇಯ್ಡ್ ಗ್ರಾಹಕರು ಬಿಲ್ ಬಾಕಿಯನ್ನು ಪಾವತಿಸಿರತಕ್ಕದ್ದು.
ಇ) ಸಿಮ್ ಬದಲಾಯಿಸಿದ್ದಲ್ಲಿ 7 ದಿನಗಳು ಕಳೆದಿರತಕ್ಕದ್ದು (1-7-2024ರಿಂದ ಜಾರಿ).

3. ವಿಧಾನ

ಇಂಗ್ಲಿಷ್‌ನಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು, ತಮ್ಮ 10 ಅಂಕಿಗಳ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸುವುದು. ಅರ್ಹರಿಗೆ 8 ಅಕ್ಷರ-ಅಂಕಿಗಳ ವಿಶಿಷ್ಟ ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಇದರ ಅವಧಿ 4 ದಿನಗಳು. ಅಷ್ಟರೊಳಗೆ ಗುರುತು ಹಾಗೂ ವಿಳಾಸದ ದಾಖಲೆಗಳೊಂದಿಗೆ ಹೊಸ ಕಂಪನಿಗೆ ಅರ್ಜಿ ಸಲ್ಲಿಸುವುದು. ವಲಯದೊಳಗಿನ ವರ್ಗಾವಣೆಗೆ 3 ಹಾಗೂ ಬೇರೆ ವಲಯಕ್ಕೆ 5 ಕೆಲಸದ ದಿನಗಳನ್ನು ನಿಗದಿಪಡಿಸಲಾಗಿದೆ.

ಸೂಚನೆ: ಪ್ರೀಪೇಯ್ಡ್ ಖಾತೆಯಲ್ಲಿ ಉಳಿದ ಹಣ ಹೊಸ ಕಂಪನಿಗೆ ವರ್ಗಾವಣೆಯಾಗುವುದಿಲ್ಲ. ಸಂಕೇತವನ್ನು ಅಪರಿಚಿತರಿಗೆ ತಿಳಿಸಬಾರದು.

4. ದೂರು

ಮೊದಲಿಗೆ ಕಂಪನಿಯ ದೂರು ಕೇಂದ್ರಕ್ಕೆ ದೂರು ನೀಡಿ, ದೂರು ಸಂಖ್ಯೆಯನ್ನು ತಪ್ಪದೆ ಪಡೆಯುವುದು. ಪರಿಹಾರ ದೊರೆಯದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. 39 ದಿನಗಳೊಳಗೆ ಇದು ಇತ್ಯರ್ಥವಾಗತಕ್ಕದ್ದು. ಟ್ರಾಯ್ ನಿಯಮಗಳನ್ನು ರೂಪಿಸುತ್ತದೆಯೇ ಹೊರತು ವೈಯಕ್ತಿಕ ದೂರುಗಳನ್ನು ವಿಚಾರಣೆ ಮಾಡುವುದಿಲ್ಲ. ಆದರೆ ಗ್ರಾಹಕರು ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ.

ಕಂಪನಿಯನ್ನು ಬಿಡುವ ಹಕ್ಕು ಗ್ರಾಹಕರ ಕೈಯಲ್ಲಿದ್ದಾಗಲೇ ಸ್ಪರ್ಧೆಯ ಪ್ರಯೋಜನ ಅವರಿಗೆ ದೊರೆಯುತ್ತದೆ. ಆದ್ದರಿಂದ ಸಾರ್ವಜನಿಕರು ಮೇಲ್ಕಂಡ ವಿಧಾನವನ್ನು ಅರಿತು ಸೌಲಭ್ಯದ ಸದುಪಯೋಗ ಪಡೆದುಕೊಳ್ಳಲು ಕೋರಿದೆ.