ವಿಜಯಪುರ: ಋತುವಿಗೊಂದು ನೋಟ, ದಿಕ್ಕಿಗೊಂದು ದಾರಿ

ಆದಿಲ್‌ಶಾಹಿ ಅರಸರ ರಾಜಧಾನಿಯಾಗಿದ್ದ ವಿಜಯಪುರಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಡಿಸೆಂಬರ್ ರಜೆಯಲ್ಲಿ ಬಂದು, ಗೋಳಗುಮ್ಮಟ ಹಾಗೂ ಇಬ್ರಾಹಿಂ ರೋಜಾ ನೋಡಿ ಸಂಜೆಯ ಹೊತ್ತಿಗೆ ಮರಳುತ್ತಾರೆ. 2014ರ ನವೆಂಬರ್ 1ರವರೆಗೆ ಬಿಜಾಪುರ ಎನಿಸಿಕೊಂಡಿದ್ದ ಈ ನಗರದ ಕಥೆ ಕೋಟೆಯೊಳಗೇ ಮುಗಿಯುವುದಿಲ್ಲ. ಅದಕ್ಕೆ ಅನ್ನ ಒದಗಿಸಿದ್ದು ಸುತ್ತಲಿನ ಎರೆಭೂಮಿ. ಅದರ ಇತಿಹಾಸವನ್ನು ತಿರುಗಿಸಿದ್ದು ಕೃಷ್ಣೆಯ ದಂಡೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳನ್ನು ಜೊತೆಗಿಟ್ಟುಕೊಂಡು ನೋಡಿದರೆ ವರ್ಷದ ಪ್ರತಿ ಕಾಲಕ್ಕೂ ಇಲ್ಲಿ ಬೇರೆಯೇ ನೋಟವಿದೆ.

ಮುಂಗಾರು: ತುಂಬುವ ಹೊಳೆ

ಜೂನ್ ಆಸುಪಾಸಿನ ಕಾರ ಹುಣ್ಣಿಮೆಯಂದು ಹಳ್ಳಿಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುವುದರೊಂದಿಗೆ ಮಳೆಗಾಲ ಮೊದಲಾಗುತ್ತದೆ. ಜಿಲ್ಲೆಯಲ್ಲಿ ಮಳೆ ಕಡಿಮೆಯಾದರೂ ಪಶ್ಚಿಮ ಘಟ್ಟದಲ್ಲಿ ಸುರಿದ ನೀರು ಕೃಷ್ಣೆಯಲ್ಲಿ ಹರಿದು ಬರುತ್ತದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆಲಮಟ್ಟಿ ಜಲಾಶಯವನ್ನು ನೋಡಲು ಇದೇ ಸಕಾಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟೆಯಲ್ಲಿ 519.6 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಗೇಟುಗಳಿಂದ ಧುಮ್ಮಿಕ್ಕುವ ನೀರನ್ನು ನೋಡುವಾಗ, ಹಿನ್ನೀರಿಗಾಗಿ ಊರು, ಹೊಲ ಬಿಟ್ಟುಕೊಟ್ಟವರನ್ನೂ ನೆನೆಯಬೇಕು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಮೂಲಕ ಇಂದು ಒಣನೆಲಕ್ಕೆ ಏರುತ್ತಿರುವುದು ಇದೇ ಕೃಷ್ಣೆಯ ನೀರು.

ಉತ್ತರದ ಭೀಮೆಯದು ಬೇರೆ ಸ್ವಭಾವ. ಮಳೆಗಾಲದ ಕೊನೆಯಲ್ಲಿ ಮಹಾರಾಷ್ಟ್ರದಿಂದ ನೀರು ಬಿಟ್ಟಾಗ ಇಂಡಿ, ಸಿಂದಗಿ ಭಾಗದ ನದಿತೀರದ ಹಳ್ಳಿಗಳು ಸಂಕಟಕ್ಕೊಳಗಾಗುತ್ತವೆ. 2020ರ ಅಕ್ಟೋಬರ್‌ನ ಪ್ರವಾಹ ಇದಕ್ಕೆ ಸಾಕ್ಷಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅತ್ತ ಹೋಗುವವರು ರಸ್ತೆ, ಸೇತುವೆಗಳ ಸ್ಥಿತಿಯನ್ನು ಮೊದಲೇ ವಿಚಾರಿಸುವುದು ಲೇಸು.

ಹಿಂಗಾರು, ಚಳಿಗಾಲ: ಜೋಳದ ಸೀಮೆ

ಎರೆಭೂಮಿ ಹಸಿ ಹಿಡಿದ ಮೇಲೆ ಬಿಳಿಜೋಳದ ಬಿತ್ತನೆ. ಡೋಣಿ ಬೆಳೆಯಿತೆಂದರೆ ಓಣಿಯೆಲ್ಲ ಜೋಳ ಎಂಬ ಮಾತು ಡೋಣಿ ನದಿಯ ಬಯಲಿನ ಫಲವತ್ತತೆಯನ್ನು ಹೇಳುತ್ತದೆ. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಊಟ ಹೊಲದಲ್ಲೇ. ಎಳೆಯ ತೆನೆ ಸುಟ್ಟು ತಿನ್ನುವ ಸೀತನಿಯ ಸವಿಯೂ ಈ ದಿನಗಳದೇ. ಸಂಕ್ರಾಂತಿಗೆ ನಗರದಲ್ಲಿ ಸಿದ್ಧೇಶ್ವರ ಜಾತ್ರೆ, ನಂದಿಕೋಲುಗಳ ಮೆರವಣಿಗೆ.

ಸ್ಮಾರಕಗಳನ್ನು ನಡೆದೇ ನೋಡಲು ಈ ಕಾಲ ಉತ್ತಮ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಜನಸಂದಣಿಯ ಗದ್ದಲದಲ್ಲಿ ಅಲ್ಲಿನ ಪ್ರತಿಧ್ವನಿ ಕಳೆದುಹೋಗುವುದರಿಂದ ಮುಂಜಾನೆಯೇ ಹೋಗಬೇಕು. ಜಾಮಿಯಾ ಮಸೀದಿಯ ಹಿಂದೆ ಒಂದು ಯುದ್ಧದ ನೆನಪಿದೆ. 1565ರ ಜನವರಿ 23ರಂದು ಕೃಷ್ಣೆಯ ಬಳಿ ನಡೆದ ಕದನ ತಾಳಿಕೋಟೆಯ ಹೆಸರಿನಿಂದಲೂ ರಕ್ಕಸಗಿ-ತಂಗಡಗಿಯ ಹೆಸರಿನಿಂದಲೂ ಪ್ರಸಿದ್ಧ. ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿದೆ. ವಿಜಯನಗರದ ಸೋಲಿನ ನಂತರವೇ ವಿಜಯಪುರದ ದೊಡ್ಡ ಕಟ್ಟಡಗಳ ಕಾಲ ಆರಂಭವಾಯಿತು. ಒಂದು ರಾಜಧಾನಿ ಪಾಳುಬಿದ್ದು ಇನ್ನೊಂದು ಮೇಲೆದ್ದ ಈ ತಿರುವು ಕೃಷ್ಣೆಯ ದಂಡೆಗೆ ಹೋದವರಿಗೆ ಹೆಚ್ಚು ಸ್ಪಷ್ಟವಾಗುತ್ತದೆ.

ಬೇಸಿಗೆ: ನೀರಿನ ಪಾಠ

ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆದಿಲ್‌ಶಾಹಿಗಳು ಬಾವಿ, ಕೆರೆ, ಸುರಂಗ ಕಾಲುವೆಗಳಿಗೆ ಏಕೆ ಅಷ್ಟು ಮಹತ್ವ ಕೊಟ್ಟರೆಂಬುದು ಆಗಲೇ ಅರಿವಾಗುವುದು. ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್‌ಗಳು ಬರದ ನಾಡಿನ ರಾಜಧಾನಿ ಬದುಕಿದ ಬಗೆಯನ್ನು ತೋರಿಸುತ್ತವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಗಾಗಿ ಗೋವಾ, ಮಹಾರಾಷ್ಟ್ರಗಳಿಗೆ ಗುಳೆ ಹೋಗುವವರ ಊರುಗಳೂ ಇವೇ.

ಇದೇ ಬಿಸಿಲಿನಲ್ಲಿ ಇಂಡಿಯ ನಿಂಬೆಗೆ ಬೇಡಿಕೆ ಏರುತ್ತದೆ. ಈ ನಿಂಬೆಗೆ 2025ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದೇ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವು ದೂರದೂರದ ವಿದ್ಯಾರ್ಥಿಗಳು ನೆಲೆಸಿದ್ದ ವಿದ್ಯಾಕೇಂದ್ರವನ್ನು ತಿಳಿಸುತ್ತದೆ. ವೈಶಾಖದ ಅಕ್ಷಯ ತೃತೀಯೆಯಂದು ಬಸವ ಜಯಂತಿ. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಗೆ ಆಗ ಭಕ್ತರು ಬರುತ್ತಾರೆ. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ದೇವರ ಹಿಪ್ಪರಗಿಯು ಶರಣ ಮಡಿವಾಳ ಮಾಚಿದೇವರ ಊರು. ಬಿಸಿಲು ಲೆಕ್ಕಿಸದವರಿಗೆ ಈ ಎರಡೂ ಊರುಗಳು ಒಂದೇ ಪ್ರವಾಸದಲ್ಲಿ ಸಿಗುತ್ತವೆ.

ತಲುಪುವ ಬಗೆ

ವಿಜಯಪುರ ನಗರದಿಂದ ಬಸವನ ಬಾಗೇವಾಡಿ ಸುಮಾರು 43, ಇಂಡಿ 55, ಸಿಂದಗಿ 60 ಹಾಗೂ ಮುದ್ದೇಬಿಹಾಳ 80 ಕಿಲೋಮೀಟರ್ ದೂರದಲ್ಲಿವೆ. ನಾಲ್ಕೂ ಕಡೆಗೆ ಸಾರಿಗೆ ಬಸ್ಸುಗಳಿವೆ. ಸೊಲ್ಲಾಪುರ-ಗದಗ ರೈಲು ಮಾರ್ಗದಲ್ಲಿ ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ನಿಲ್ದಾಣಗಳಿವೆ. ನಗರಕ್ಕೆ ಒಂದು ದಿನ, ಆರಿಸಿದ ಋತುವಿಗೆ ತಕ್ಕ ತಾಲ್ಲೂಕಿಗೆ ಇನ್ನೊಂದು ದಿನ ಎಂದಿಟ್ಟುಕೊಂಡರೆ ಪ್ರವಾಸ ಸಾರ್ಥಕ.