ಕಬ್ಬಿನ ಟ್ರ್ಯಾಕ್ಟರಿನ ಕ್ಲಚ್ ಪ್ಲೇ: ಅಳತೆ ಮತ್ತು ಹೊಂದಾಣಿಕೆ

ಬಾಗಲಕೋಟೆ ಜಿಲ್ಲೆಯ ಕೃಷ್ಣಾ, ಘಟಪ್ರಭಾ ದಂಡೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಮುಧೋಳ, ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿಯ ಕಾರ್ಖಾನೆಗಳತ್ತ ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳದೇ ಸಾಲು. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲೂ ಅದೇ ನೋಟ. ಹೊಲ ಉಳುವುದಕ್ಕೆಂದು ಮಾಡಿದ ಯಂತ್ರ ಈ ದಿನಗಳಲ್ಲಿ ಲಾರಿಯ ಕೆಲಸಕ್ಕೆ ಇಳಿಯುತ್ತದೆ. ಅದರ ಪೆಟ್ಟು ಮೊದಲು ತಾಗುವುದು ಕ್ಲಚ್ಚಿಗೆ.

ಪ್ಲೇ ಏಕೆ ಬೇಕು

ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಕ್ಲಚ್ ಪೆಡಲಿಗೂ ಒಳಗಿನ ಫೋರ್ಕಿಗೂ ನಡುವೆ ಇರುವುದು ಒಂದು ಕಬ್ಬಿಣದ ಸರಳು. ಪೆಡಲ್ ತುಳಿದಾಗ ಸರಳು ಫೋರ್ಕನ್ನು ತಿರುಗಿಸುತ್ತದೆ, ಫೋರ್ಕು ಬೇರಿಂಗನ್ನು ಮುಂದೆ ನೂಕುತ್ತದೆ, ಬೇರಿಂಗು ಫಿಂಗರ್‌ಗಳನ್ನು ಒತ್ತಿ ಪ್ಲೇಟನ್ನು ಬಿಡಿಸುತ್ತದೆ. ಕಾಲು ತೆಗೆದ ಮೇಲೆ ಬೇರಿಂಗಿಗೂ ಫಿಂಗರ್‌ಗಳಿಗೂ ನಡುವೆ ಕೆಲವೇ ಮಿಲಿಮೀಟರ್ ಸಂದು ಉಳಿಯಬೇಕು. ಪೆಡಲಿನಲ್ಲಿ ಅದು ಹೆಚ್ಚಿನ ಮಾದರಿಗಳಲ್ಲಿ 20ರಿಂದ 30 ಮಿ.ಮೀ. ಸಡಿಲವಾಗಿ ಕಾಣುತ್ತದೆ. ಅದೇ ಪ್ಲೇ.

ಪ್ಲೇಟು ಸವೆದಷ್ಟೂ ಈ ಸಂದು ಹೆಚ್ಚುತ್ತದೆಂದು ಅನೇಕರು ತಿಳಿದಿದ್ದಾರೆ. ಆಗುವುದು ತಿರುಗುಮುರುಗು. ಪ್ಲೇಟು ತೆಳುವಾದಂತೆ ಪ್ರೆಶರ್ ಪ್ಲೇಟು ಫ್ಲೈವೀಲಿನತ್ತ ಸರಿಯುತ್ತದೆ, ಫಿಂಗರ್‌ಗಳ ತುದಿ ಹಿಂದೆ ಬಂದು ಬೇರಿಂಗಿಗೆ ಹತ್ತಿರವಾಗುತ್ತದೆ. ಪ್ಲೇ ಪೂರ್ತಿ ಹೋದರೆ ಬೇರಿಂಗು ಸದಾ ಒತ್ತಿಕೊಂಡೇ ತಿರುಗುತ್ತದೆ, ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತದೆ, ಜಾರಿದ ಪ್ಲೇಟು ಕಾದು ಸುಡುತ್ತದೆ. ಪ್ಲೇ ಅತಿಯಾದರೆ ಕ್ಲಚ್ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ.

ಅಳೆದು ಸರಿಮಾಡುವ ಬಗೆ

ಟ್ರೇಲರ್ ಬಿಚ್ಚಿ, ಸಮತಟ್ಟು ಜಾಗದಲ್ಲಿ ಎಂಜಿನ್ ಬಂದ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಗಾಲಿಗಳಿಗೆ ಕಲ್ಲು ಕೊಡಿ. ಪೆಡಲಿನ ಪಕ್ಕ ಅಡಿಪಟ್ಟಿ ಹಿಡಿದು ಕೈಯಿಂದ ಮೆಲ್ಲಗೆ ಒತ್ತಿ. ಮೊದಲು ಸ್ಪ್ರಿಂಗಿನ ಎಳೆತವಷ್ಟೇ ಇರುತ್ತದೆ. ಒಂದು ಹಂತದಲ್ಲಿ ಕೈಗೆ ಗಟ್ಟಿ ತಾಗುತ್ತದೆ. ಅಲ್ಲಿಯವರೆಗಿನ ದೂರವೇ ಪ್ಲೇ.

ಹಳೆಯ ಗಾಡಿ ಮೋಸ ಮಾಡುವುದು ಇಲ್ಲಿಯೇ. ಸರಳಿನ ತುದಿಯ ಪಿನ್ನು ತೆಳುವಾಗಿ, ಅದು ಕೂರುವ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಆ ಸಡಿಲವೂ ಪೆಡಲಿನಲ್ಲಿ ಪ್ಲೇ ಎಂದೇ ಕಾಣುತ್ತದೆ. ಅಡಿಪಟ್ಟಿ 25 ಮಿ.ಮೀ. ತೋರಿಸುತ್ತಿದ್ದರೂ ಒಳಗೆ ಬೇರಿಂಗು ಆಗಲೇ ಫಿಂಗರ್‌ಗಳಿಗೆ ತಾಗಿರಬಹುದು. ಹಾಗಾಗಿ ಹೌಸಿಂಗಿನ ಹೊರಗಿರುವ ಫೋರ್ಕಿನ ತೋಳನ್ನೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಅಲ್ಲಿಯೂ ತುಸು ಆಟ ಇರಲೇಬೇಕು. ಇಲ್ಲವಾದರೆ ಮೊದಲು ಪಿನ್ನು ಬದಲಿಸಿ, ಆಮೇಲೆ ಅಳತೆಗೆ ಕೈಹಾಕಿ.

ಹೊಂದಾಣಿಕೆ ಸುಲಭ. ಲಾಕ್ ನಟ್ ಸಡಿಲಿಸಿ, ಸ್ಪ್ಲಿಟ್ ಪಿನ್ ಕಿತ್ತು, ಸರಳಿನ ತುದಿಯನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ ಅಳೆಯಿರಿ. ಯಾವ ದಿಕ್ಕಿಗೆ ತಿರುಗಿಸಿದರೆ ಪ್ಲೇ ಹೆಚ್ಚುತ್ತದೆಂಬುದು ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದ ಅಳತೆಯೇ ಅಂತಿಮ. ಲಾಕ್ ನಟ್ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿ. ಪ್ಲೇ ಸರಿಯಾದ ಮೇಲೂ ಕ್ಲಚ್ ಜಾರುತ್ತಿದ್ದರೆ ಪ್ಲೇಟು ಮುಗಿದಿದೆ, ಇಲ್ಲವೇ ಸೀಲು ಸೋರಿ ಪ್ಲೇಟಿಗೆ ಎಣ್ಣೆ ತಗುಲಿದೆ. ಅದು ಮಿಸ್ತ್ರಿಯ ಕೆಲಸ.

ಸಾಲಿನಲ್ಲಿ ಕಾಲಿಡುವ ಚಾಳಿ

ಕಾರ್ಖಾನೆ ಯಾರ್ಡಿನ ಮುಂದೆ ಸಾಲು ಒಂದೊಂದೇ ಹೆಜ್ಜೆ ಸರಿಯುವಾಗ ಡ್ರೈವರುಗಳು ಪೆಡಲಿನ ಮೇಲೆ ಅರ್ಧ ಕಾಲಿಟ್ಟೇ ಕೂರುತ್ತಾರೆ. ತುಂಬಿದ ಎರಡು ಟ್ರೇಲರಿನ ಭಾರ ಹಿಂದಿರುವಾಗ ಕ್ಲಚ್ಚಿಗೆ ಇದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ನಿಂತಾಗ ನ್ಯೂಟ್ರಲ್ ಮಾಡಿ, ಬ್ರೇಕ್ ಲಾಕ್ ಹಾಕಿ, ಕಾಲು ಕೆಳಗಿಡಬೇಕು.

ಬ್ರೇಕ್ ಪೆಡಲುಗಳ ಜೋಡಿ

ಹೊಲದಲ್ಲಿ ಬಿಗಿಯಾಗಿ ಹೊರಳಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡ, ಬಲ ಗಾಲಿಗಳಿಗೆ ಬೇರೆಬೇರೆ ಬ್ರೇಕ್ ಪೆಡಲುಗಳಿವೆ. ಎರಡರ ಸಡಿಲವೂ ಸಮನಾಗಿರಬೇಕು; ಇಲ್ಲದಿದ್ದರೆ ಬ್ರೇಕ್ ಒತ್ತಿದ ಕೂಡಲೇ ಗಾಡಿ ಒಂದು ಕಡೆ ಎಳೆಯುತ್ತದೆ, ಹಿಂದಿನ ಟ್ರೇಲರುಗಳು ನೂಕಿ ಅಡ್ಡ ತಿರುಗಿಸುತ್ತವೆ. ಇಳಿಜಾರಿನಲ್ಲಿ ಕ್ಲಚ್ ತುಳಿದು ಗಾಡಿ ಉರುಳಿಬಿಡುವುದಂತೂ ಜೀವಕ್ಕೇ ಸಂಚಕಾರ. ಆಗ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪುತ್ತದೆ. ಸಣ್ಣ ಗೇರಿನಲ್ಲೇ ಇಳಿಸಬೇಕು.

ಈ ಎಲ್ಲಕ್ಕೂ ಬೇಕಾಗುವುದು ಒಂದು ಅಡಿಪಟ್ಟಿ, ಎರಡು ಪಾನಾ, ಅರ್ಧ ತಾಸು. ಮೊದಲ ಟ್ರೇಲರ್ ಕಟ್ಟುವ ಮುಂಚೆ ಅಷ್ಟು ಹೊತ್ತು ಮೀಸಲಿಡಿ. ರಸ್ತೆಗೆ ಇಳಿಯುವಾಗ ಎರಡು ಬ್ರೇಕ್ ಪೆಡಲುಗಳನ್ನು ಕೂಡಿಸುವ ಚಿಲಕ ಹಾಕುವುದನ್ನು ಮರೆಯಬೇಡಿ.